ಊರ ಮನೆಯ ಬಚ್ಚಲ ಜೀರ್ಣೋದ್ಧಾರ

ಮುಂಬಯಿ, ಪುಣೆಗಳಲ್ಲಿ ದುಡಿದು ನಾಲ್ಕು ಕಾಸು ಕೂಡಿಸಿದ ನಮ್ಮವರು ಊರಿನ ಹಳೆಯ ಮನೆಯನ್ನು ದುರಸ್ತಿ ಮಾಡಿಸಲು ಹೊರಟರೆ ಮೊದಲು ಕೈ ಹಾಕುವುದು ಮನೆಯ ಮುಂಭಾಗಕ್ಕೆ. ಚಾವಡಿಗೆ ಹೊಳೆಯುವ ನೆಲ ಬರುತ್ತದೆ. ಅಂಗಳಕ್ಕೆ ಸಿಮೆಂಟಿನ ಹಾಸು ಬರುತ್ತದೆ. ಗೇಟಿಗೆ ಬಣ್ಣ ಬರುತ್ತದೆ. ಜಾತ್ರೆಗೆ ಬಂದ ನೆಂಟರಿಷ್ಟರು ಕಂಡು ಮೆಚ್ಚುವುದು ಇವುಗಳನ್ನೇ ಅಲ್ಲವೆ? ಮನೆಯ ಹಿಂಬದಿಯ ಬಚ್ಚಲು ಕೊಟ್ಟಿಗೆಯಾಗಲಿ, ತೋಟದ ಮೂಲೆಯ ಪಾಯಿಖಾನೆಯಾಗಲಿ ಅತಿಥಿಗಳ ಕಣ್ಣಿಗೆ ಬೀಳುವುದಿಲ್ಲ. ಆದುದರಿಂದ ಅವುಗಳ ಸರದಿ ಬರುವುದು ಕಟ್ಟಕಡೆಗೆ. ಅನೇಕ ಮನೆಗಳಲ್ಲಿ ಅದು ಬರುವುದೇ ಇಲ್ಲ.

ಪರರನ್ನು ದೂರುವ ಅಧಿಕಾರ ನನಗಿಲ್ಲ. ಈ ತಪ್ಪನ್ನು ನಾನೂ ಮಾಡಿದವನೇ. ಕುಂದಾಪುರದ ಬಳಿಯ ನಮ್ಮ ಮನೆ ಅಜ್ಜನ ಕಾಲದ್ದು. ಮುರಕಲ್ಲಿನ ಗೋಡೆ, ಮಂಗಳೂರು ಹಂಚಿನ ಮಾಡು. ಬಾಸೆಲ್ ಮಿಶನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದ ಮೇಲೆ ಕರಾವಳಿಯ ಉದ್ದಕ್ಕೂ ಎದ್ದು ನಿಂತ ಮನೆಗಳ ಮಾದರಿಯೇ ಅದು. ಹೋಟೆಲಿನಲ್ಲಿ ಕೈತುಂಬ ವ್ಯಾಪಾರವಿದ್ದ ಒಂದು ವರ್ಷ ನಾನು ಚಾವಡಿಗೆ ಗ್ರಾನೈಟು ಹಾಸಿಸಿದೆ. ಊರವರು ಹೊಗಳಿದರು. ಅದೇ ಮಳೆಗಾಲದಲ್ಲಿ ನನ್ನ ತಾಯಿಯವರು ಬಚ್ಚಲಿನಲ್ಲಿ ಜಾರಿ ಬಿದ್ದು ಮಣಿಕಟ್ಟಿನ ಎಲುಬು ಮುರಿದುಕೊಂಡರು.

ಫೋನಿನಲ್ಲಿ ಸುದ್ದಿ ಕೇಳಿದ ರಾತ್ರಿ ನಮ್ಮ ಮನೆಯಾಕೆ ನನ್ನನ್ನು ಬಯ್ಯಲಿಲ್ಲ. ಒಂದೇ ಒಂದು ಪ್ರಶ್ನೆ ಕೇಳಿದಳು: "ಅತ್ತೆಯವರು ಆ ಗ್ರಾನೈಟಿನ ಮೇಲೆ ದಿನಕ್ಕೆ ಎಷ್ಟು ಹೊತ್ತು ಕುಳಿತುಕೊಳ್ಳುತ್ತಾರೆ, ಬಚ್ಚಲಿಗೆ ಎಷ್ಟು ಸಲ ಹೋಗಿಬರುತ್ತಾರೆ ಎಂದು ನೀವು ಲೆಕ್ಕ ಹಾಕಿದ್ದುಂಟೆ?" ಇಪ್ಪತ್ತು ವರ್ಷ ಗಲ್ಲೆಯ ಮುಂದೆ ಕುಳಿತು ಕಾಸುಕಾಸಿಗೆ ಲೆಕ್ಕ ಇಟ್ಟವನಿಗೆ ಈ ಲೆಕ್ಕ ಹೊಳೆದಿರಲಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ಚಾಳಿನ ಸಾರ್ವಜನಿಕ ಪಾಯಿಖಾನೆಯ ಮುಂದೆ ಬೆಳಗಿನ ನಾಲ್ಕು ಗಂಟೆಗೆ ಬಾಲ್ದಿ ಹಿಡಿದು ಸರದಿಯಲ್ಲಿ ನಿಂತ ಹೆಣ್ಣುಮಗಳಿಗೆ ಅದು ಹೊಳೆದಿತ್ತು.

ಮುಂದಿನ ಫೆಬ್ರವರಿಯಲ್ಲಿ ಒಂದು ತಿಂಗಳ ಬಿಡುವು ಮಾಡಿಕೊಂಡು ಇಬ್ಬರೂ ಮತ್ಸ್ಯಗಂಧ ರೈಲನ್ನೇರಿ ಊರಿಗೆ ಹೋದೆವು. ಆ ಒಂದು ತಿಂಗಳಲ್ಲಿ ನಾವು ಕಲಿತದ್ದನ್ನು, ನಮ್ಮ ಜಗಳಗಳ ಸಮೇತ, ವಾಚಕರ ಮುಂದಿಡುತ್ತಿದ್ದೇನೆ. ಊರಿನಲ್ಲಿ ಹಳೆಯ ಮನೆಯೂ ಮನೆಯಲ್ಲಿ ಹಿರಿಯರೂ ಇರುವವರಿಗೆ ಇದರಿಂದ ಅಷ್ಟಿಷ್ಟು ಪ್ರಯೋಜನವಾದೀತು.

ಬಳಸುವವರು ಯಾರು?

ನಾನು ಬಂದ ದಿನವೇ ಮೇಸ್ತ್ರಿಯನ್ನು ಕರೆಸಲು ಹೊರಟೆ. ಆಕೆ ತಡೆದಳು. ಮೂರು ದಿನ ಏನನ್ನೂ ಮುಟ್ಟಕೂಡದೆಂದೂ, ಸುಮ್ಮನೆ ನೋಡಬೇಕೆಂದೂ ಹೇಳಿದಳು. ಒಂದು ನೋಟುಬುಕ್ಕಿನಲ್ಲಿ ಬರೆದುಕೊಂಡಳು: ತಾಯಿಯವರು ರಾತ್ರಿ ಎಷ್ಟು ಸಲ ಏಳುತ್ತಾರೆ, ಬಚ್ಚಲಿಗಿಳಿಯುವ ಮುಕ್ಕಾಲಡಿ ಎತ್ತರದ ಮೆಟ್ಟಲಿನಲ್ಲಿ ಯಾವ ಕೈಯನ್ನು ಎಲ್ಲಿ ಊರುತ್ತಾರೆ, ಮಿಂದು ಏಳುವಾಗ ಏನನ್ನು ಹಿಡಿದು ಏಳುತ್ತಾರೆ. ಕಡೆಯ ಪ್ರಶ್ನೆಗೆ ಉತ್ತರ ನಮ್ಮಿಬ್ಬರನ್ನೂ ನಡುಗಿಸಿತು. ಅವರು ಹಿಡಿಯುತ್ತಿದ್ದುದು ಕುದಿಯುವ ನೀರಿನ ಹಂಡೆಯ ಕಂಠವನ್ನು.

ಮೂರನೆಯ ರಾತ್ರಿ ನಕ್ಷೆ ತಾನಾಗಿ ಸಿದ್ಧವಾಯಿತು. ತಾಯಿಯವರ ಕೋಣೆಗೆ ತಗಲಿದ ಸಣ್ಣ ಉಗ್ರಾಣದ ಅರ್ಧವನ್ನು ಪಾಯಿಖಾನೆಯಾಗಿ ಮಾಡುವುದು; ಹಳೆಯ ಬಚ್ಚಲನ್ನು ಅಲ್ಲಿಯೇ ಉಳಿಸಿ ನೆಲ, ಮೆಟ್ಟಲು, ಬೆಳಕು ಈ ಮೂರನ್ನು ಸರಿಪಡಿಸುವುದು. ಬಾಗಿಲು ಮೂರಡಿ ಅಗಲವಿರಬೇಕು, ಹೊರಕ್ಕೆ ತೆರೆಯಬೇಕು. ಒಳಗೆ ಬಿದ್ದವರ ದೇಹವೇ ಅಡ್ಡವಾದರೆ ಒಳಕ್ಕೆ ತೆರೆಯುವ ಬಾಗಿಲನ್ನು ಹೊರಗಿನಿಂದ ದೂಡಲಾಗದು. ಗೋಡೆಗೆ ಹಿಡಿಕೆಯ ಸಲಾಕೆಗಳು ನೆಲದಿಂದ ಸುಮಾರು ಮೂರಡಿಯೊಳಗೆ ಬರಬೇಕು. ಮುರಕಲ್ಲು ಮೃದುವಾದ ಕಲ್ಲು. ಅದರಲ್ಲಿ ತಿರುಪು ಮೊಳೆ ನಿಲ್ಲುವುದಿಲ್ಲ. ಆದಕಾರಣ ಸಲಾಕೆ ಬರುವಲ್ಲಿ ಕಲ್ಲನ್ನು ಕೆತ್ತಿ ತೆಗೆದು ಕಾಂಕ್ರೀಟಿನ ತುಂಡನ್ನು ಕೂಡಿಸಿ, ಅದು ಗಟ್ಟಿಯಾದ ಮೇಲೆ ಸಲಾಕೆಯನ್ನು ಬಿಗಿದೆವು.

ಕಮೋಡಿನ ಬಗ್ಗೆ ತಾಯಿಯವರಿಗೆ ಸಮ್ಮತಿಯಿರಲಿಲ್ಲ. "ಕುರ್ಚಿಯ ಮೇಲೆ ಕೂತು ಅದೆಲ್ಲ ಎಂಥದು ಮಗಾ?" ಎಂದರು. ಆದರೆ ಮೊಣಕಾಲು ನೋವಿದ್ದವರಿಗೆ ನೆಲದಿಂದ ಒಂದೂವರೆ ಅಡಿ ಎತ್ತರದ ಆಸನವೇ ಅನುಕೂಲ. ಕೂಡಿಸಿಟ್ಟೆವು, ಒತ್ತಾಯ ಮಾಡಲಿಲ್ಲ. ಒಂದು ವಾರ ಕಳೆದ ಮೇಲೆ ಯಾರಿಗೂ ಹೇಳದೆ ಅವರೇ ಬಳಸತೊಡಗಿದರು.

ಕಣ್ಣಿಗೆ ಕಾಣದ ಕೆಲಸ

ಕುಂದಾಪುರದ ಅಂಗಡಿಯಲ್ಲಿ ಟೈಲ್ಸ್ ಆರಿಸುವಾಗ ನಮ್ಮ ಮೊದಲನೆಯ ಜಗಳವಾಯಿತು. ಹೋಟೆಲಿನ ಕಣ್ಣು ನನ್ನದು. ಒಂದು ಸಲ ಒರೆಸಿದರೆ ಕನ್ನಡಿಯಂತೆ ಹೊಳೆಯುವ ಬಿಳಿಯ ನೆಲ ಬೇಕೆಂದೆ. ಆಕೆ ಅಂಗಡಿಯವನಿಂದ ಒಂದು ಲೋಟ ನೀರು ತರಿಸಿ, ಚೀಲದಿಂದ ತೆಂಗಿನೆಣ್ಣೆಯ ಪುಟ್ಟ ಬಾಟಲಿ ತೆಗೆದು, ನಾನು ಮೆಚ್ಚಿದ ಟೈಲ್ಸಿನ ಮೇಲೆ ಎರಡನ್ನೂ ಸುರಿದು "ಬರಿಗಾಲಲ್ಲಿ ನಿಲ್ಲಿ" ಎಂದಳು. ನಿಂತೆ, ನಿಲ್ಲಲಾಗಲಿಲ್ಲ. ಎಣ್ಣೆನೀರು ಮೀಯುವ ನಮ್ಮ ಮನೆಗಳಿಗೆ ಒರಟು ಮೈಯ, ಸಣ್ಣ ಅಳತೆಯ ಹಾಸೇ ಸರಿ. ಹಾಸು ಸಣ್ಣದಾದಷ್ಟೂ ಸಂದುಗಳು ಹೆಚ್ಚು. ಸಂದುಗಳು ಹೆಚ್ಚಿದಷ್ಟೂ ಕಾಲಿಗೆ ಹಿಡಿತ. ಬೆಲೆಯೂ ಕಡಿಮೆ.

ಇಳಿಜಾರಿನ ವಿಷಯದಲ್ಲಿ ಮಾತ್ರ ಜಯ ನನ್ನದು. ಹೋಟೆಲಿನ ಮೋರಿ ಕಟ್ಟಿಕೊಂಡ ದಿನ ಮಾಲಿಕ ಗಿರಾಕಿಯ ಮುಂದೆ ತಲೆ ಎತ್ತಲಾರ. ಆದಕಾರಣ ಈ ವಿದ್ಯೆ ನನಗೆ ಚೆನ್ನಾಗಿ ಗೊತ್ತು. ಬಚ್ಚಲಿನ ನೆಲ ಅಡಿಗೆ ಅಂಗುಲದ ಎಂಟನೆಯ ಒಂದು ಭಾಗದಷ್ಟಾದರೂ ಹೊರದ್ವಾರದ ಕಡೆಗೆ ಇಳಿಯಬೇಕು. ಪಾಯಿಖಾನೆಯ ಕೊಳವೆ ಅಡಿಗೆ ಕಾಲಂಗುಲಕ್ಕೆ ಕಡಿಮೆಯಾಗಕೂಡದು. ನೆಲದ ದ್ವಾರಕ್ಕೆ ಮುಂಬಯಿಯ ಪ್ಲಂಬರುಗಳು ನಹಾನಿ ಟ್ರ್ಯಾಪ್ ಎಂದು ಕರೆಯುವ ಬಾಗುಕೊಳವೆಯನ್ನು ಕೂಡಿಸಬೇಕು. ಅದರ ಬಾಗಿನಲ್ಲಿ ಸದಾ ನಿಲ್ಲುವ ಎರಡಂಗುಲ ನೀರೇ ದುರ್ಗಂಧವನ್ನೂ ಜಿರಳೆಯನ್ನೂ ತಡೆಯುವ ಬಾಗಿಲು. ಸ್ವಿಚ್ಚುಗಳನ್ನು ಬಚ್ಚಲಿನ ಹೊರಗೆ ಇಡಿಸಿದೆವು. ನೆಲಕ್ಕೆ ವಿದ್ಯುತ್ತು ಸೋರಿದ ಕ್ಷಣದಲ್ಲೇ ತಂತಿಯನ್ನು ಕಡಿದುಹಾಕುವ 30 ಮಿಲಿ ಆಂಪಿಯರಿನ ರಕ್ಷಕವನ್ನೂ ಜೋಡಿಸಿದೆವು.

ಬಾವಿಗೂ ಗುಂಡಿಗೂ ನಡುವೆ

ಅತ್ಯಂತ ದೊಡ್ಡ ತಪ್ಪಿನಿಂದ ನಾವು ಪಾರಾದದ್ದು ಗುಂಡಿಯ ವಿಷಯದಲ್ಲಿ. ಕೊಳವೆಯ ಖರ್ಚು ಉಳಿಯುವುದೆಂದು ಮೇಸ್ತ್ರಿ ತೋರಿಸಿದ ಜಾಗ ಬಾವಿಯಿಂದ ಇಪ್ಪತ್ತಡಿಯೂ ಇರಲಿಲ್ಲ. ಮೇಲಾಗಿ ಅದು ಬಾವಿಗಿಂತ ಎತ್ತರದ ಮಗ್ಗುಲು. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುತ್ತದೆ. ಮುರಕಲ್ಲಿನ ನೆಲ ರಂಧ್ರಮಯವಾದುದು. ಆಷಾಢದಲ್ಲಿ ಬಾವಿಯ ನೀರು ಕೈಗೆಟಕುವಷ್ಟು ಮೇಲೆ ಬಂದಾಗ ಗುಂಡಿಯ ಕಶ್ಮಲ ಎಲ್ಲಿಗೆ ಹೋಗುವುದೆಂದು ಬೇರೆ ಹೇಳಬೇಕಾಗಿಲ್ಲ. ನೀರು ಕಣ್ಣಿಗೆ ತಿಳಿಯಾಗಿಯೇ ಕಾಣುತ್ತದೆ. ಕುಡಿದವರಿಗೆ ವಾಂತಿ, ಭೇದಿ, ಕಾಮಾಲೆ ತಗಲುತ್ತದೆ.

ಬಾವಿಹಗ್ಗದ ಒಂದು ತುದಿಯನ್ನು ಆಕೆ ಬಾವಿಕಟ್ಟೆಯ ಬಳಿ ಹಿಡಿದಳು. ಇನ್ನೊಂದು ತುದಿಯನ್ನು ಹಿಡಿದು ನಾನು ತೋಟದ ಇಳಿಜಾರಿನ ಕಡೆಗೆ ನಡೆದೆ. ಐವತ್ತಡಿ ಆಗುವ ತನಕ ಇಬ್ಬರೂ ನಿಲ್ಲಲಿಲ್ಲ. ಮೇಸ್ತ್ರಿ ನಕ್ಕರು. ಕೊಳವೆಗೆ ಹೆಚ್ಚು ಹಣ ಹೋಯಿತೆಂಬುದು ನಿಜ. ಆದರೆ ಅದೇ ಬಾವಿಯ ನೀರನ್ನೇ ತಾಯಿಯವರು ಕುಡಿಯುವುದು.

ಅಲ್ಲಿ ಜೋಡಿಗುಂಡಿಗಳನ್ನು ತೋಡಿಸಿದೆವು. 2014ರ ಅಕ್ಟೋಬರ್ 2ರಂದು ಆರಂಭವಾದ ಸ್ವಚ್ಛ ಭಾರತ ಅಭಿಯಾನದಲ್ಲಿ ಹಳ್ಳಿಗಳಿಗೆ ಶಿಫಾರಸು ಮಾಡಿದ ಕ್ರಮವೂ ಇದೇ. 1970ರಲ್ಲಿ ಬಿಂದೇಶ್ವರ ಪಾಠಕರು ಸ್ಥಾಪಿಸಿದ ಸುಲಭ ಸಂಸ್ಥೆಯು ಇದನ್ನು ದೇಶಾದ್ಯಂತ ಪ್ರಚಾರಕ್ಕೆ ತಂದಿತು. ಐದಾರು ಜನರ ಕುಟುಂಬಕ್ಕೆ ಸುಮಾರು ಒಂದೊಂದು ಮೀಟರ್ ಅಗಲ, ಆಳವುಳ್ಳ ಎರಡು ಗುಂಡಿಗಳು ಸಾಕು. ಸುತ್ತಿನ ಗೋಡೆಯಲ್ಲಿ ಸಂದು ಬಿಟ್ಟು ಕಟ್ಟಬೇಕು. ಕವಲು ಒಡೆದ ಕೊಳವೆಯ ಮುಖಾಂತರ ಒಂದು ಸಲಕ್ಕೆ ಒಂದೇ ಗುಂಡಿಗೆ ಮಲವನ್ನು ಹರಿಸಬೇಕು. ಅದು ತುಂಬಲು ಸುಮಾರು ಮೂರು ವರ್ಷ ಹಿಡಿಯುತ್ತದೆ. ಬಳಿಕ ಅದನ್ನು ಮುಚ್ಚಿ ಎರಡನೆಯದಕ್ಕೆ ತಿರುಗಿಸಬೇಕು. ಮುಚ್ಚಿದ ಗುಂಡಿಯೊಳಗಿನದು ಎರಡು ವರ್ಷದಲ್ಲಿ ವಾಸನೆಯಿಲ್ಲದ ಗೊಬ್ಬರವಾಗುತ್ತದೆ. ನೆಲದ ನೀರು ಮೇಲೆ ಬರುವ ನಮ್ಮಂಥ ಕಡೆಗಳಲ್ಲಿ ಗುಂಡಿಯ ತಳವನ್ನು ಕಾಂಕ್ರೀಟಿನಿಂದ ಮುಚ್ಚಿ, ಸುತ್ತಲೂ ಒಂದೂವರೆ ಅಡಿ ದಪ್ಪಕ್ಕೆ ಸಣ್ಣ ಮರಳು ತುಂಬಿಸಬೇಕು. ಮೀಯುವ ನೀರನ್ನು ಈ ಗುಂಡಿಗೆ ಬಿಡಕೂಡದು. ಅದು ಹಿಂದಿನಂತೆಯೇ ಬಾಳೆಯ ಬುಡಕ್ಕೆ ಹೋಗಲಿ.

ಈ ಕ್ರಮದಲ್ಲಿ ಇನ್ನೊಂದು ದೊಡ್ಡ ಲಾಭವುಂಟು. ಮನುಷ್ಯನನ್ನು ಮನುಷ್ಯನ ಮಲದ ಗುಂಡಿಗೆ ಇಳಿಸುವ ಅನಿಷ್ಟವನ್ನು ತಡೆಯಲು 1993ರಲ್ಲಿಯೂ ಮತ್ತೆ 2013ರಲ್ಲಿಯೂ ಶಾಸನಗಳಾದುವು. ಆದರೂ ಸೆಪ್ಟಿಕ್ ಟ್ಯಾಂಕಿನ ವಿಷವಾಯುವಿಗೆ ಸಿಕ್ಕಿ ಬಡವರು ಸತ್ತ ಸುದ್ದಿಯನ್ನು ಪತ್ರಿಕೆಯವರಾದ ನಾವು ಈಗಲೂ ಅಚ್ಚು ಹಾಕುತ್ತಿದ್ದೇವೆ. ನಮ್ಮ ಮನೆಯ ಗುಂಡಿಯಿಂದ ಒಣಗಿದ ಗೊಬ್ಬರವನ್ನು ನಾವೇ ಹಾರೆ ಹಿಡಿದು ತೆಗೆಯಬಹುದು. ಅದಕ್ಕಾಗಿ ಇನ್ನೊಬ್ಬರ ಮಗನನ್ನು ಕರೆಸಬೇಕಾಗಿಲ್ಲ.

ಹಂಡೆಯ ನ್ಯಾಯ

ಎರಡನೆಯ ಜಗಳ ತಾಮ್ರದ ಹಂಡೆಯದು. ಅದನ್ನು ತೆಗೆದುಹಾಕಿ ಗ್ಯಾಸಿನ ಗೀಸರು ಇಡಿಸೋಣವೆಂದೆ. ತಾಯಿಯವರ ಮುಖ ಬಾಡಿತು. ದೀಪಾವಳಿಯ ನೀರು ತುಂಬುವ ಸಂಜೆ ಆ ಹಂಡೆಯನ್ನು ಹುಳಿ ಹಚ್ಚಿ ತಿಕ್ಕಿ, ಶೇಡಿಯಿಂದ ಚಿತ್ತಾರ ಬರೆದು, ಬಳ್ಳಿ ಸುತ್ತಿ ಪೂಜಿಸಿದವರು ಅವರು. ಮಡಲು, ಕೊತ್ತಳಿಗೆ, ತೆಂಗಿನ ಸಿಪ್ಪೆ ತೋಟದಲ್ಲಿ ಧರ್ಮಕ್ಕೆ ಬಿದ್ದಿರುವಾಗ ನೀರು ಕಾಯಿಸಲು ಹಣ ಕೊಡಬೇಕೆಂಬುದು ಅವರಿಗೆ ಅರ್ಥವಾಗಲಿಲ್ಲ. ಮುಚ್ಚಿದ ಕೋಣೆಯಲ್ಲಿ ಗ್ಯಾಸಿನ ಗೀಸರು ಉರಿದರೆ ಬಣ್ಣವೂ ವಾಸನೆಯೂ ಇಲ್ಲದ ವಿಷಾನಿಲ ಹುಟ್ಟಿ, ಮೀಯುವವರು ಎಚ್ಚರ ತಪ್ಪಿ ಸತ್ತ ಉದಾಹರಣೆಗಳುಂಟು. ಇದು ನನಗೆ ನೆನಪಿರಲಿಲ್ಲ; ಆಕೆ ನೆನಪಿಸಿದಳು.

ರಾಜಿಯನ್ನು ಹುಡುಕಿದವಳೂ ಆಕೆಯೇ. ಹಂಡೆ ಉಳಿಯಿತು. ಒಲೆಯ ಬಾಯಿಯನ್ನು ಹೊರಗೋಡೆಗೆ ತಿರುಗಿಸಿ, ಹೊಗೆ ಹೋಗಲು ಕೊಳವೆ ಇಡಿಸಿದೆವು. ಹಂಡೆಗೂ ಮೀಯುವ ಜಾಗಕ್ಕೂ ನಡುವೆ ಸೊಂಟದೆತ್ತರದ ಕಟ್ಟೆ ಕಟ್ಟಿಸಿದೆವು. ಕುಳಿತು ಮೀಯಲು ಕಲ್ಲಿನ ಆಸನ, ಕೈಗೆಟಕುವಲ್ಲಿ ಸಲಾಕೆ ಬಂದುವು. ಮಳೆಗಾಲದ ಹಸಿ ಸೌದೆಯ ದಿನಗಳಿಗೆಂದು 15 ಲೀಟರಿನ ವಿದ್ಯುತ್ ಗೀಸರೊಂದನ್ನೂ ಇಟ್ಟೆವು. ಅಷ್ಟು ನೀರನ್ನು ಒಂದು ಸಲ ಕಾಯಿಸಲು ಸುಮಾರು ಮುಕ್ಕಾಲು ಯೂನಿಟ್ ಸಾಕು.

ಒಂದು ದಿನದ ಪರೀಕ್ಷೆ

ರಜೆ ಮುಗಿಯುತ್ತ ಬಂದಿತ್ತು. ನೆಲದ ಅಡಿಗೆ ನೀರುತಡೆಯ ಲೇಪನವಾದೊಡನೆ ಟೈಲ್ಸ್ ಕೂಡಿಸಲು ನಾನು ಅವಸರಪಡಿಸಿದೆ. ಆಕೆ ಒಪ್ಪಲಿಲ್ಲ. ದ್ವಾರವನ್ನು ಬಿಗಿಯಾಗಿ ಮುಚ್ಚಿ, ಎರಡಂಗುಲ ನೀರು ನಿಲ್ಲಿಸಿ, ಗೋಡೆಯ ಮೇಲೆ ಮಸಿಯಿಂದ ಗೆರೆ ಎಳೆದಳು. ಮರುದಿನ ನೋಡಿದರೆ ನೀರು ಗೆರೆಯಿಂದ ಅರ್ಧ ಅಂಗುಲ ಕೆಳಗಿಳಿದಿತ್ತು. ಪಕ್ಕದ ಉಗ್ರಾಣದ ಗೋಡೆ ತಣ್ಣಗೆ ಒದ್ದೆಯಾಗಿತ್ತು. ಕೊಳವೆ ನೆಲವನ್ನು ಸೇರುವ ಸಂದಿನಲ್ಲಿ ಬಿರುಕು. ಎರಡು ದಿನ ತಡವಾಯಿತು. ರೈಲಿನ ಟಿಕೇಟು ಬದಲಾಯಿಸಬೇಕಾಯಿತು. ಟೈಲ್ಸ್ ಕೂಡಿಸಿದ ಮೇಲೆ ಈ ಬಿರುಕು ತಿಳಿದಿದ್ದರೆ ಎಲ್ಲವನ್ನೂ ಒಡೆಯಬೇಕಾಗುತ್ತಿತ್ತು. ಈ ಪರೀಕ್ಷೆಗೆ ತಗಲುವ ಖರ್ಚು ಕೆಲವು ಕೊಡ ನೀರು ಮಾತ್ರ. ದಯವಿಟ್ಟು ಯಾರೂ ಬಿಡಬೇಡಿರಿ.

ಕೆಲಸ ಮುಗಿದ ಮೇಲೆ ಲೆಕ್ಕ ನೋಡಿದೆವು. ಹಣದ ಅರ್ಧಕ್ಕೂ ಮಿಕ್ಕಿ ಮಣ್ಣಿನ ಅಡಿಗೆ ಹೋಗಿತ್ತು. ನೆಂಟರಿಗೆ ತೋರಿಸಲು ಅಲ್ಲೇನೂ ಇಲ್ಲ. ಆ ವರ್ಷದ ದೀಪಾವಳಿಗೆ ನಾವು ಹೋಗಲಾಗಲಿಲ್ಲ. ನರಕ ಚತುರ್ದಶಿಯ ಬೆಳಗಿನ ಜಾವ ಫೋನು ಮಾಡಿದ ತಾಯಿಯವರು ನನ್ನೊಡನೆ ಮಾತನಾಡದೆ ಸೊಸೆಯನ್ನು ಕರೆದರು. "ಎಣ್ಣೆ ಹಚ್ಚಿ ಮಿಂದೆ ಮಗಳೇ. ಯಾರನ್ನೂ ಕರೆಯಲಿಲ್ಲ" ಎಂದರಂತೆ. ಈಕೆ ಫೋನು ಕೆಳಗಿಟ್ಟು ಒಳಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ.

ವಾಚಕರಲ್ಲಿ ನನ್ನದೊಂದು ವಿಜ್ಞಾಪನೆ. ಮುಂದಿನ ಸಲ ಊರಿಗೆ ಹೋದಾಗ ಗಂಡಹೆಂಡಿರಿಬ್ಬರೂ ಒಂದು ರಾತ್ರಿ ದೀಪವಾರಿಸಿ, ಬರಿಗಾಲಲ್ಲಿ, ಹಿರಿಯರು ಮಲಗುವ ಜಾಗದಿಂದ ಪಾಯಿಖಾನೆಯ ತನಕ ನಡೆದು ನೋಡಿರಿ. ಹೆಜ್ಜೆಗಳನ್ನೂ ಮೆಟ್ಟಲುಗಳನ್ನೂ ಎಣಿಸಿರಿ. ಎಲ್ಲಿ ಕೈ ಆಧಾರ ಹುಡುಕಿತೆಂದು ಬರೆದುಕೊಳ್ಳಿರಿ. ಮೇಸ್ತ್ರಿಯನ್ನು ಕರೆಸುವುದು ಅದಾದ ಮೇಲೆ.