ನಿಮಗಿದು ಗೊತ್ತೆ? ಗುಜರಿಯಿಂದ ಎದ್ದುಬಂದ ಬಾಂಬರ್‌ಗಳು

ಸ್ವತಂತ್ರ ಭಾರತದ ಮೊದಲ ಭಾರೀ ಬಾಂಬರ್‌ಗಳು ಹೊಸವಲ್ಲ, ಕಾನ್ಪುರದ ಗುಜರಿಯಲ್ಲಿ ಬಿದ್ದಿದ್ದವು!

• ಎರಡನೇ ಮಹಾಯುದ್ಧ ಮುಗಿದಾಗ ಅಮೆರಿಕ ನಿರ್ಮಿತ, ನಾಲ್ಕು ಎಂಜಿನ್‌ಗಳ ಬಿ-24 ಲಿಬರೇಟರ್ ವಿಮಾನಗಳನ್ನು ಅಲ್ಲಿ ಬಿಟ್ಟುಹೋಗಲಾಗಿತ್ತು. ಯಾರೂ ಮತ್ತೆ ಹಾರಿಸದಂತೆ ಉಪಕರಣಗಳನ್ನು ಜಜ್ಜಿ, ಎಂಜಿನ್‌ಗಳಿಗೆ ಮರಳು ಸುರಿಯಲಾಗಿತ್ತು.

• ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆಯವರು (ಇಂದಿನ ಎಚ್‌ಎಎಲ್) ಛಲ ಬಿಡಲಿಲ್ಲ. ಒಂದರ ಬಿಡಿಭಾಗ ಇನ್ನೊಂದಕ್ಕೆ ಜೋಡಿಸಿ, ಹಾರುವಷ್ಟು ಸರಿಪಡಿಸಿದರು. ಪೈಲಟ್ ಜಮ್‌ಷೆಡ್ ಮುನ್ಷಿ ಅವುಗಳನ್ನು ಬೆಂಗಳೂರಿಗೆ ಹಾರಿಸಿ ತಂದರು.

• ಇಲ್ಲಿ ಪೂರ್ಣ ದುರಸ್ತಿಯಾಗಿ, 1948ರ ನವೆಂಬರ್‌ನಲ್ಲಿ ವಾಯುಪಡೆಯ 5ನೇ ಸ್ಕ್ವಾಡ್ರನ್ ಸೇರಿದವು.

• ಗುಜರಿಯೆಂದು ಎಸೆದಿದ್ದ ಈ ವಿಮಾನಗಳು 1968ರವರೆಗೂ ದೇಶಕ್ಕೆ ದುಡಿದವು.