ಅಂಬಿಗನಿಗೆ ಮುಚ್ಚಿದ್ದ ಥೇಮ್ಸ್

ಗುತ್ತೂರು, ಹರಿಹರದ ಕಡೆ ತುಂಗಭದ್ರೆಯಲ್ಲಿ ಹರಿಗೋಲು ನಡೆಸಿ ಹೊಟ್ಟೆ ಹೊರೆಯುವ ಅಂಬಿಗ ಎಷ್ಟೇ ಪಳಗಿದ್ದರೂ, 1908ರಲ್ಲಿ ಇಂಗ್ಲೆಂಡಿನ ಹೆನ್ಲಿಯ ರೋಯಿಂಗ್ ಸ್ಪರ್ಧೆಗೆ ಅನರ್ಹನೇ. ಥೇಮ್ಸ್ ನದಿಯ ಅಂಬಿಗರ ಪಾಡೂ ಅದೇ. ಕೈಕೆಲಸದವರು, ಕೂಲಿಯವರು ಹವ್ಯಾಸಿ ಸ್ಪರ್ಧಿಗಳಾಗಲಾರರು ಎಂಬುದು ಅಲ್ಲಿನ ಕಟ್ಟಳೆ. ಆ ವರ್ಷದ ಒಲಿಂಪಿಕ್ಸ್ ರೋಯಿಂಗ್ ನಡೆದದ್ದೂ ಹೆನ್ಲಿಯಲ್ಲೇ. ಎಂಟು ಹುಟ್ಟಿನ ದೋಣಿಯಲ್ಲಿ ಬೆಲ್ಜಿಯಂ ತಂಡವನ್ನು ಸೋಲಿಸಿ ಚಿನ್ನ ಗೆದ್ದ ಲಿಯಾಂಡರ್ ಕ್ಲಬ್ಬಿನವರಲ್ಲಿ ಫ್ರೆಡರಿಕ್ ಸೆಪ್ಟಿಮಸ್ ಕೆಲ್ಲಿ ಒಬ್ಬರು. ಮೊದಲ ಮಹಾಯುದ್ಧ ನುಂಗಿದ ಪ್ರತಿಭೆ ಎಂದು ಅವರನ್ನು ನೆನೆಯುವುದು ವಾಡಿಕೆ. ಸುಳ್ಳಲ್ಲ, ಆದರೆ ಅವರನ್ನು ದೋಣಿಯಲ್ಲಿ ಕೂರಿಸಿದ ವ್ಯವಸ್ಥೆಯೇ ಕಂದಕಕ್ಕೂ ಇಳಿಸಿತು ಎಂಬುದು ನನ್ನ ವಾದ.

ಕೆಲ್ಲಿ ಹುಟ್ಟಿದ್ದು 1881ರಲ್ಲಿ, ಸಿಡ್ನಿಯ ಸಿರಿವಂತರ ಮನೆಯಲ್ಲಿ. ಈಟನ್ ಶಾಲೆ, ಆಕ್ಸ್‌ಫರ್ಡಿನ ಬೇಲಿಯಲ್ ಕಾಲೇಜು, ಆಮೇಲೆ ಫ್ರಾಂಕ್‌ಫರ್ಟಿನಲ್ಲಿ ಸಂಗೀತಾಭ್ಯಾಸ. ಒಬ್ಬರೇ ಹುಟ್ಟು ಹಾಕುವ ಹೆನ್ಲಿಯ ಡೈಮಂಡ್ ಸ್ಕಲ್ಸ್ ಸ್ಪರ್ಧೆ ಮೂರು ಬಾರಿ ಅವರದಾಯಿತು. 1905ರಲ್ಲಿ ಮಾಡಿದ ದಾಖಲೆ 1938ರವರೆಗೆ ಅಳಿಯಲಿಲ್ಲ. 1914ರಲ್ಲಿ ಸೇರಿದ ಹುಡ್ ಬೆಟಾಲಿಯನ್ನಿನ ಅಧಿಕಾರಿಗಳ ಸಾಲಿನಲ್ಲಿ ಕವಿ ರೂಪರ್ಟ್ ಬ್ರೂಕ್ ಇದ್ದರು, ಪ್ರಧಾನಿ ಆಸ್ಕ್ವಿತ್‌ರ ಮಗನೂ ಇದ್ದರು. ಅದೇ ಶಾಲೆ-ಕಾಲೇಜುಗಳ ಬಳಗ, ತೊಟ್ಟಿದ್ದು ಮಾತ್ರ ಸಮವಸ್ತ್ರ. 1915ರ ಏಪ್ರಿಲ್‌ನಲ್ಲಿ ತೀರಿಕೊಂಡ ಬ್ರೂಕ್‌ರನ್ನು ಸ್ಕೈರೋಸ್ ದ್ವೀಪದಲ್ಲಿ ಮಣ್ಣು ಮಾಡಿದವರಲ್ಲಿ ಕೆಲ್ಲಿಯೂ ಇದ್ದರು. ಗೆಳೆಯನ ನೆನಪಿಗೆ ತಂತಿವಾದ್ಯಗಳ ಶೋಕಗೀತವೊಂದನ್ನು ರಚಿಸಿದರು. ಗಲ್ಲಿಪೊಲಿಯಲ್ಲಿ ಗಾಯಗೊಂಡು ಬದುಕಿ ಉಳಿದವರು, 1916ರ ನವೆಂಬರ್ 13ರಂದು ಫ್ರಾನ್ಸಿನ ಬೋಕೂರಿನಲ್ಲಿ ಮೆಷಿನ್‌ಗನ್ ನೆಲೆಯೊಂದರ ಮೇಲೆ ನುಗ್ಗುವಾಗ ಸತ್ತರು.

ಕೂಲಿಕಾರರೂ ಲಕ್ಷಗಟ್ಟಲೆ ಸತ್ತರಲ್ಲ ಎನ್ನಬಹುದು. ಎಣಿಕೆಯಲ್ಲಿ ಸತ್ತವರು ಹೆಚ್ಚಾಗಿ ಅವರೇ. ಆದರೆ ಕಿರಿಯ ಅಧಿಕಾರಿ ತನ್ನ ತುಕಡಿಯ ಮುಂದೆ ನಡೆಯಬೇಕಿತ್ತು. ಪಾಲಿನ ಲೆಕ್ಕದಲ್ಲಿ ಅಧಿಕಾರಿಗಳ ಸಾವೇ ಹೆಚ್ಚು. ಕೆಲ್ಲಿಯ ದೋಣಿಯಲ್ಲಿ ಚುಕ್ಕಾಣಿಗ ಸೇರಿ ಇದ್ದ ಒಂಬತ್ತು ಮಂದಿಯಲ್ಲಿ ಮ್ಯಾಕ್ಲಗನ್ 1915ರಲ್ಲಿ, ಸ್ಯಾಂಡರ್ಸನ್ 1918ರಲ್ಲಿ ಬಲಿಯಾದರು. ಒಂದು ದೋಣಿಯಿಂದ ಸಿದ್ಧಾಂತ ಕಟ್ಟಲಾಗದು, ನಿಜ. ಅದಕ್ಕೇ ಕಟ್ಟಳೆಯತ್ತ ನೋಡಬೇಕು. ಅದು ಯುದ್ಧಕ್ಕೂ ಜಗ್ಗಲಿಲ್ಲ: 1920ರಲ್ಲಿ ಗಾರೆ ಕೆಲಸ ಮಾಡಿದ್ದ ಅಮೆರಿಕದ ಇನ್ನೊಬ್ಬ ಕೆಲ್ಲಿ, ಜಾನ್, ಹೆನ್ಲಿಗೆ ಹಾಕಿದ ಅರ್ಜಿ ತಿರಸ್ಕೃತವಾಯಿತು. ಅವರ ಕ್ಲಬ್ಬಿನ ಮೇಲೆ ಹಳೆಯ ನಿಷೇಧವೂ ಇತ್ತೆನ್ನಿ. ಅದೇ ವರ್ಷ ಅವರು ಒಲಿಂಪಿಕ್ ಚಿನ್ನ ಗೆದ್ದರು. ಕೈಕೆಲಸದವರನ್ನು ದೂರವಿಟ್ಟ ಮಾತು ಹೆನ್ಲಿಯ ನಿಯಮದಿಂದ ಹೋದದ್ದು 1937ರಲ್ಲಿ. ನಮ್ಮಲ್ಲಿ ದಾರಿ ತಿರುವುಮುರುವು. ಮೊದಲು ಸೇನೆ, ಆಮೇಲೆ ದೋಣಿ. 2016ರ ರಿಯೊ ಒಲಿಂಪಿಕ್ಸ್ ರೋಯಿಂಗ್‌ನಲ್ಲಿ 13ನೆಯವರಾದ ನಾಸಿಕ್ ಜಿಲ್ಲೆಯ ದತ್ತು ಭೋಕನಾಳ್ ಕೂಲಿ ಮಾಡಿ ಬೆಳೆದವರು, ಹುಟ್ಟು ಹಿಡಿದದ್ದು ಸೇನೆಗೆ ಸೇರಿದ ಮೇಲೆ.