ಹಟಮಾರಿ ಮಗುವೋ, ನೊಂದ ಮಗುವೋ?

ನಮ್ಮ ಕರಾವಳಿಯಂತೆ ತುಮಕೂರು ಜಿಲ್ಲೆಯ ಚಿಕ್ಕನಾಯಕನಹಳ್ಳಿಯೂ ತೆಂಗಿನ ನಾಡು. ಗರಿ ಹಳದಿಯಾದರೆ ಅಲ್ಲಿನ ರೈತ ಮರವನ್ನು ಬೈಯುವುದಿಲ್ಲ. ನೀರು, ಗೊಬ್ಬರ, ಬೇರು ನೋಡುತ್ತಾನೆ. ಮಗು ಸುಳ್ಳು ಹೇಳಿದರೆ, ಶಾಲೆ ತಪ್ಪಿಸಿದರೆ ನಾವು ಮಾತ್ರ ಮೊದಲು ಬೆತ್ತ ಹುಡುಕುತ್ತೇವೆ.

ಎರಡು ವರ್ಷದ ಮಗುವಿನ ರಂಪ, ಹದಿಹರೆಯದವರ ಎದುರುತ್ತರ ಬೆಳವಣಿಗೆಯ ಭಾಗ. ಹಾಗಾದರೆ ಚಿಂತಿಸಬೇಕಾದುದು ಯಾವಾಗ? ಈ ವರ್ತನೆ ಎಷ್ಟು ಕಾಲದಿಂದ ಇದೆ? ಮನೆಯಲ್ಲಿ ಮಾತ್ರವೇ, ಶಾಲೆಯಲ್ಲೂ ಇದೆಯೇ? ಓದು, ಊಟ, ನಿದ್ದೆ, ಗೆಳೆತನ ಕೆಡುತ್ತಿದೆಯೇ? ಉದಾಹರಣೆಗೆ, ಗಮನ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ ಎನ್ನಲು ಲಕ್ಷಣಗಳು 12 ವರ್ಷದೊಳಗೆ ಆರಂಭವಾಗಿ, ಕನಿಷ್ಠ 6 ತಿಂಗಳು, ಒಂದಕ್ಕಿಂತ ಹೆಚ್ಚು ಕಡೆ ಕಾಣಬೇಕು. ಚೆನ್ನಾಗಿದ್ದ ಮಗು ಒಮ್ಮೆಲೇ ಬದಲಾದರೆ ಹಿಂದೆ ಮನೆಯ ಜಗಳ, ತಂದೆಯ ಕುಡಿತ, ಆಪ್ತರ ಸಾವು ಅಥವಾ ಯಾರದೋ ದೌರ್ಜನ್ಯ ಇರಬಹುದು.

ಹೊಡೆತದಿಂದ ಭಯ ಹುಟ್ಟುತ್ತದೆ, ಕಾರಣ ತಿಳಿಯುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನು ನಿಷೇಧಿಸಿದೆ. ಪಾಲಕರೇ, ದಿನಕ್ಕೆ ಸ್ವಲ್ಪ ಹೊತ್ತಾದರೂ ಮಗುವಿನ ಮಾತು ಕೇಳಿ. ನಿಯಮಗಳು ಕೆಲವೇ ಇರಲಿ, ದಿನಕ್ಕೊಂದು ರೀತಿ ಬದಲಾಗದಿರಲಿ. ಒಳ್ಳೆಯದನ್ನು ಮಾಡಿದಾಗ ಬಾಯಿಬಿಟ್ಟು ಮೆಚ್ಚಿರಿ.

"ಸಾಯಬೇಕು" ಎಂಬ ಮಾತು ಬಂದರೆ ನಾಟಕವೆಂದು ತಳ್ಳಿಹಾಕಬೇಡಿ. ಟೆಲಿ-ಮಾನಸ್ 14416, ಮಕ್ಕಳ ಸಹಾಯವಾಣಿ 1098 ಹಗಲಿರುಳೂ ಉಚಿತ. ಸಹಾಯ ಕೇಳುವುದು ಮನೆತನಕ್ಕೆ ಅವಮಾನವಲ್ಲ.